ಹೊತ್ತು ಮುಳುಗಿದ ಮೇಲೆ ನಮ್ಮವರಲ್ಲ ಅಂದಿದ್ದು

ನಡೀರಿ, ನಿಲ್ಲಬೇಡಿ. ಈ ಬಾವಿ ಹತ್ರ ಬಂದ ಕೂಡಲೇ ನಿಮ್ಮೆಲ್ಲರ ಚಪ್ಪಲಿ ಉಂಗುಷ್ಟ ಒಟ್ಟಿಗೇ ಕಿತ್ತುಹೋಗುತ್ತೆ ನೋಡಿ! ಆ ಬಾವೀಲಿ ಏನೂ ಇಲ್ಲ. ಕಪ್ಪೆ ಇವೆ, ಯಾರೋ ಎಸೆದ ಸ್ಕೂಟರ್ ಟೈರ್ ಒಂದಿದೆ. ಹತ್ತಿ ಮಿಲ್ಲಿನ ಎರಡನೇ ಪಾಳಿ ಮುಗಿಸಿ ಮಧ್ಯರಾತ್ರೀಲಿ ಹನ್ನೊಂದು ವರ್ಷ ಇದೇ ದಾರೀಲಿ ಬಂದಿದ್ದೀನಿ, ಒಂದು ದಿನ ಒಂದು ನರಪಿಳ್ಳೆ ಕಂಡಿಲ್ಲ. ದೆವ್ವ ಅಂದ್ರೆ ಬಾವಿ ಕಟ್ಟೆ ಮೇಲೇ ಕೂತಿರಬೇಕು ಅಂತ ನಿಮಗೆ ಯಾರು ಹೇಳಿದ್ದು?

ನಾನು ಹೇಳೋದು ಇನ್ನೂ ಪೂರ್ತಿ ಕತ್ತಲಾಗೋ ಮುಂಚೆ ಆದದ್ದು. ಸಮುದ್ರದ ಮೇಲೆ. ಆರು ಜನ ಓದಿದವರು ಟೀ ಕುಡೀತಾ ಕೂತಿದ್ದಾಗ. ಆಗಿದ್ದು ಯಾರಿಗೋ ಅಲ್ಲ, ನಮ್ಮ ದೊಡ್ಡಪ್ಪನ ಮಗ ದುರುಗೇಶನಿಗೆ. ಮೆಲ್ಲಗೆ ನಡೀರಿ, ಹೇಳ್ತೀನಿ.

ದುರುಗೇಶ ಚಿತ್ರದುರ್ಗದಲ್ಲಿ ಒಂದು ಬ್ಯಾಂಕಿನಲ್ಲಿದ್ದಾನೆ. ಒಳ್ಳೇ ಹುಡುಗ, ಆದರೆ ನಾಲ್ಕು ಜನ ಏನಂತಾರೋ ಅನ್ನೋದು ಅವನಿಗೆ ಸ್ವಲ್ಪ ಜಾಸ್ತಿ. ಅವನ ಅಣ್ಣ ತಿಮ್ಮರಾಯಪ್ಪ ಇಲ್ಲೇ ಮತ್ತೋಡಿನಲ್ಲಿ ಕುರಿ ಮೇಯಿಸಿಕೊಂಡಿದ್ದ. ಇಬ್ಬರಿಗೂ ಹದಿನಾಲ್ಕು ವರ್ಷದ ಅಂತರ. ಅಪ್ಪ ಬೇಗ ಹೋದ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಶಾಲೆ ಬಾಗಿಲಲ್ಲಿ ಇಳಿಸಿ, ಆಮೇಲೆ ಮಂದೆ ಹೊಡಕೊಂಡು ಹೋಗ್ತಿದ್ದ ಅಣ್ಣ ಅವನು.

ನಮ್ಮಲ್ಲಿ ಕುರಿ ಎಣಿಸೋದು ಹೇಗೆ ಅಂತ ಗೊತ್ತಲ್ಲ? ಹೊತ್ತು ಮುಳುಗೋ ಹೊತ್ತಿಗೆ ರೊಪ್ಪದ ಬಾಗಿಲಲ್ಲಿ ಕೋಲು ಅಡ್ಡ ಹಿಡಿದು ಒಂದೊಂದೇ ಕುರಿ ಒಳಗೆ ಬಿಡಬೇಕು. ಲಾಭ, ಎರಡು, ಮೂರು... ಮೊದಲನೆಯದಕ್ಕೆ ಒಂದು ಅನ್ನಲ್ಲ, ಲಾಭ ಅಂತೀವಿ. ಒಮ್ಮೊಮ್ಮೆ ಲೆಕ್ಕಕ್ಕಿಂತ ಒಂದು ಹೆಚ್ಚು ಬಂದಿರುತ್ತೆ. ಬೇರೆ ಮಂದೆಯದು, ದಾರಿ ತಪ್ಪಿ ಸೇರಿಕೊಂಡಿರುತ್ತೆ. ಆಗ ನಮ್ಮ ಮನೆಗಳಲ್ಲಿ ಒಂದು ಕಟ್ಟುನಿಟ್ಟು. ಹೊತ್ತು ಮುಳುಗಿದ ಮೇಲೆ ಬಾಗಿಲಿಗೆ ಬಂದದ್ದನ್ನು 'ನಮ್ಮದಲ್ಲ' ಅನ್ನೋ ಹಾಗಿಲ್ಲ. ಒಳಗೆ ಬಿಟ್ಕೋಬೇಕು. ಯಾರದು ಅಂತ ಬೆಳಿಗ್ಗೆ ವಿಚಾರಿಸಬೇಕು.

ದುರುಗೇಶ ಏಳು ವರ್ಷದವನಿದ್ದಾಗ ಹಾಗೆ ಬಂದ ಒಂದು ಕರಿ ಮರಿಯನ್ನು "ಇದು ನಮ್ದಲ್ಲ" ಅಂತ ಆಚೆ ಅಟ್ಟಿಬಿಟ್ಟ. ಬೆಳಿಗ್ಗೆ ಹುಣಸೆ ಮರದ ಕೆಳಗೆ ಬರೀ ಉಣ್ಣೆ ಸಿಕ್ತು. ತೋಳ... ತಿಮ್ಮರಾಯಪ್ಪ ತಮ್ಮನಿಗೆ ಒಂದೇಟು ಹೊಡೀಲಿಲ್ಲ. ಮೂರು ಊರು ತಿರುಗಿ, ಆ ಮರಿ ಯಾರದು ಅಂತ ಹುಡುಕಿ, ತನ್ನ ಮಂದೆಯಿಂದ ಒಂದು ಮರಿ ಕೊಟ್ಟು ಬಂದ. ಬಂದವನು ಇಷ್ಟೇ ಅಂದದ್ದು: "ಹಂಗನ್ನಬಾರ್ದು ಕಣಪ್ಪ. ಅದು ನಮ್ಮನ್ನ ನಂಬ್ಕಂಡು ಬಂದಿರ್ತೈತೆ."

ಇನ್ನು ಮುಂದಿನದು ನಾಚಿಕೆಗೇಡಿನ ಮಾತು. ಹೇಳೋಕೆ ನನಗೂ ನಾಚಿಕೆ, ಯಾಕಂದ್ರೆ ನಾನೂ ಅಲ್ಲೇ ಇದ್ದೆ.

ಹೋದ ವರ್ಷ ಶ್ರಾವಣದಲ್ಲಿ ದುರುಗೇಶ ದುರ್ಗದಲ್ಲಿ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡ. ಬ್ಯಾಂಕಿನವರೆಲ್ಲ ಬಂದಿದ್ದರು. ಹನ್ನೊಂದು ಗಂಟೆಗೆ ತಿಮ್ಮರಾಯಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ತಮ್ಮನ ಹೊಸ ಮನೆಗೆ ಅಂತ ಒಂದು ಮರಿ. ಮಳೇಲಿ ನೆಂದಿದ್ದ. ಕುರಿ ವಾಸನೆ ಬಾಗಿಲಿಂದಲೇ ಬಂತು, ಸುಳ್ಳು ಯಾಕೆ ಹೇಳಲಿ. ಮ್ಯಾನೇಜರ್ ಕಿರಣ್‌ಕುಮಾರ್ ಅಂತ, ಅವರು ಸುಮ್ಮನೆ ಕೇಳಿದರು, "ಇವರು ಯಾರ್ರೀ?"

ದುರುಗೇಶ ಅಂದ, "ನಮ್ಮೂರಲ್ಲಿ ಕುರಿ ಕಾಯೋರು ಸರ್."

ಅಣ್ಣ ಎರಡು ಮಾರು ದೂರದಲ್ಲಿ ನಿಂತಿದ್ದ. ಕೇಳಿಸ್ತು ಅವನಿಗೆ. ನನಗೆ ಕೇಳಿಸಿದ ಮೇಲೆ ಅವನಿಗೆ ಕೇಳಿಸದೆ ಇರುತ್ತಾ? ನನ್ನ ಕೈಯಲ್ಲಿ ಕೇಸರಿಬಾತಿನ ತಟ್ಟೆ ಇತ್ತು. "ಲೇ, ಅವನು ನಿನ್ನ ಒಡಹುಟ್ಟಿದ ಅಣ್ಣ ಕಣೋ" ಅಂತ ನಾನು ಅನ್ನಬೇಕಿತ್ತು. ಅನ್ನಲಿಲ್ಲ. ತಟ್ಟೆ ನೋಡ್ತಾ ನಿಂತೆ. ಇವತ್ತಿಗೂ ಕೇಸರಿಬಾತು ನನ್ನ ಗಂಟಲಲ್ಲಿ ಇಳಿಯಲ್ಲ.

ತಿಮ್ಮರಾಯಪ್ಪ ಮರಿಯನ್ನು ಕಾಂಪೌಂಡಿಗೆ ಕಟ್ಟಿ, ಹಿತ್ತಲಿಗೆ ಹೋಗಿ ಅಡುಗೆಯವರ ಹಂಡೆ ತೊಳೀತಾ ಕೂತ. ಕೊನೇ ಪಂಕ್ತೀಲಿ ಉಂಡು ಸಂಜೆ ಬಸ್ಸಿಗೆ ಹೋದ. ಜನವರಿಯಲ್ಲಿ ಹಿರಿಯೂರು ಕಡೆ ಯಾರದೋ ಹೊಲದಲ್ಲಿ ಮಂದೆ ಬಿಟ್ಟುಕೊಂಡಿದ್ದಾಗ ಎದೆ ಹಿಡಕೊಂಡು ಕೂತವನು ಮತ್ತೆ ಏಳಲಿಲ್ಲ. ದುರುಗೇಶ ಬಂದ, ಮಣ್ಣು ಹಾಕಿದ, ಅತ್ತ. ಆದರೆ ತಲೆ ಬೋಳಿಸಲಿಲ್ಲ. "ಆಫೀಸ್‌ನಲ್ಲಿ ಯಾರಿಗೆ ಏನಾಯ್ತು ಅಂತ ಕೇಳ್ತಾರೆ" ಅಂದ. ರಜಾ ಅರ್ಜೀಲಿ 'ಊರಲ್ಲಿ ಕೆಲಸ' ಅಂತ ಬರೆದಿದ್ದನಂತೆ.

ಆಮೇಲೆ ನವೆಂಬರ್ ತಿಂಗಳು ಬ್ಯಾಂಕಿನ ಆರು ಜನ ಮಂಗಳೂರಿಗೆ ಹೋದರು. ಧರ್ಮಸ್ಥಳ ಮುಗಿಸಿ ಸಂಜೆಗೆ ಅಲ್ಲಿಗೆ. ಅಲ್ಲೊಂದು ಹಾಯಿ ದೋಣಿ, ಹತ್ತು ಜನರಿಗಿಂತ ಹೆಚ್ಚು ಹತ್ತಿಸಲ್ಲ. ಹೊತ್ತು ಮುಳುಗೋ ಮುಂಚೆ ಹೊರಟು, ದಡದುದ್ದಕ್ಕೂ ಊರು ತೋರಿಸಿ, ದೀಪ ಹತ್ತಿದ ಮೇಲೆ ವಾಪಸ್ ತರ್ತಾರೆ. ದುರುಗೇಶನೇ ಫೋನ್ ಮಾಡಿ ಗೊತ್ತು ಮಾಡಿದ್ದು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ, ದೋಣಿಯವನು ಒಬ್ಬೊಬ್ಬರನ್ನೇ ಕೈ ಹಿಡಿದು ಹತ್ತಿಸಿದ.

ಅಳಿವೆ ದಾಟೋವರೆಗೆ ಇಂಜಿನ್. ಆಮೇಲೆ ಆಫ್. ಹಾಯಿ ಏರಿಸಿದ. ಹಗ್ಗ ಕಿರ್ರ್... ಕಿರ್ರ್... ಅಂತು. ಬಟ್ಟೆ ಒಮ್ಮೆ ಪಟಪಟ ಹೊಡಕೊಂಡು, ಗಾಳಿ ತುಂಬಿ ಸುಮ್ಮನಾಯಿತು. ಆಮೇಲೆ ದೋಣಿಯ ಪಕ್ಕಕ್ಕೆ ನೀರು ಚಳಪ್... ಚಳಪ್... ಅಷ್ಟೇ. ದುರುಗೇಶ ಹುಟ್ಟಿದ ಮೇಲೆ ಅಷ್ಟು ನೀರು ನೋಡಿರಲಿಲ್ಲ. ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಊರೆಲ್ಲ ಹೋಗಿ ನೋಡಿದ್ದೆವಲ್ಲ, ಅದು ಇದರ ಮುಂದೆ ಒಂದು ಬಾನಿ ಅಂತ ಹೇಳ್ತಿದ್ದ. ಖುಷಿಯಾಗಿದ್ದ. ಸೂರ್ಯ ನೀರಿಗೆ ಮುಟ್ಟಿದ, ಅರ್ಧ ಆದ, ಹೋದ. ಎಲ್ಲರೂ ಫೋಟೋ ತೆಗೆದರು. ದಡದಲ್ಲಿ ಒಂದೊಂದೇ ದೀಪ ಹತ್ತಿತು.

ದೋಣಿಯವನು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಎಲ್ಲರಿಗೂ ಕೊಟ್ಟ. ಒಂದು ಲೋಟ ಕೈಯಲ್ಲಿ ಉಳಿಯಿತು. ಅದನ್ನು ಹಿಡಕೊಂಡು ದುರುಗೇಶನ ಹತ್ತಿರ ಬಂದು ಮೆಲ್ಲಗೆ ಅಂದ:

"ಸರ್, ಮುಂದೆ ಕೂತವರು ಟೀ ಬೇಡ ಅಂತಾರೆ. ಜಾಕೆಟೂ ಹಾಕ್ಲಿಕ್ಕೆ ಕೇಳುದಿಲ್ಲ. ನಿಮ್ಮ ಜನ ಅಲ್ವಾ? ನೀವೊಮ್ಮೆ ಹೇಳಿ."

ದುರುಗೇಶ ಕೂತವರನ್ನು ಎಣಿಸಿದ. ಬ್ಯಾಂಕಿನಲ್ಲಿ ಎಣಿಸೋ ಹಾಗಲ್ಲ. ಬಾಯಿಗೆ ಅದೇ ಬಂತಂತೆ... ಲಾಭ, ಎರಡು, ಮೂರು, ನಾಲ್ಕು, ಐದು. ತಾನು ಆರು. ಆರೂ ಜನ ಹಿಂದುಗಡೇನೇ ಇದ್ದಾರೆ. ಮುಂದೆ ಹಾಯಿ ಅಡ್ಡ ಇತ್ತು, ಪರದೆ ಕಟ್ಟಿದ ಹಾಗೆ. ಬಗ್ಗಿ ನೋಡಿದ.

ಹಾಯಿಯ ಅಂಚಿನ ಕೆಳಗೆ ಎರಡು ಪಾದ. ಕುಕ್ಕರಗಾಲಲ್ಲಿ ಕೂತ ಪಾದ. ಬರಿಗಾಲು. ಹಿಮ್ಮಡಿ ಒಡೆದಿತ್ತು. ಎಡಗಾಲಿನ ಕಿರುಬೆರಳು ಇರಲಿಲ್ಲ... ತಿಮ್ಮರಾಯಪ್ಪನ ಎಡಗಾಲಿನ ಕಿರುಬೆರಳು ಮಚ್ಚಿಗೆ ಸಿಕ್ಕಿ ಹೋಗಿ ಇಪ್ಪತ್ತು ವರ್ಷ ಆಗಿತ್ತು. ಕಂಬಳಿ ಕೊಪ್ಪೆಯ ತುದಿ ಹಲಗೆ ಮೇಲೆ ಬಿದ್ದಿತ್ತು. ನೆಂದ ಉಣ್ಣೆಯ ವಾಸನೆ ಬಂತು.

ಆಮೇಲೆ ಸದ್ದು. ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಮಾಡೋದು. ಟ್ಟ... ಟ್ಟ... ಟ್ಟ... ಹೊತ್ತಾಯ್ತು ಬರ್ರಿ ಅಂತ ಕುರಿ ಕರೆಯೋದು.

ಮ್ಯಾನೇಜರಿಗೂ ಕೇಳಿಸ್ತು. "ಮುಂದೆ ಯಾರ್ರೀ ದುರುಗೇಶ್? ನಮ್ಮವರಾ?"

ಇಲ್ಲಿ ಕೇಳಿ. ಅವನಿಗೆ ಅಣ್ಣ ಅಂತ ಗೊತ್ತಾಗಿತ್ತು. ಸತ್ತವನು ಅಂತಲೂ ಗೊತ್ತಿತ್ತು. ಆದರೆ ಆ ಹೊತ್ತಲ್ಲಿ ಹೆದರಿಕೆ ಆಗಲಿಲ್ಲವಂತೆ. ಮೊದಲು ಬಂದದ್ದು ಅದೇ ಹಳೇ ನಾಚಿಕೆ. ಎಲ್ಲರೂ ಇವನ ಮುಖ ನೋಡ್ತಿದ್ದಾರೆ. ಮುಂದೆ ಕಂಬಳಿ, ಆ ವಾಸನೆ. ಬಾಯಿ ತಾನಾಗೇ ಅಂದುಬಿಟ್ಟಿತು:

"ಯಾರೋ ಬೋಟಿನವರು ಇರ್ಬೇಕು ಸರ್. ನಮ್ಮವರಲ್ಲ."

ಟ್ಟ... ಟ್ಟ... ಅನ್ನೋದು ನಿಂತಿತು.

ಹಲಗೆ ಕಿರ್ ಅಂತು, ಯಾರೋ ಎದ್ದ ಹಾಗೆ. ಎರಡು ಹೆಜ್ಜೆ. ಆಮೇಲೆ ಏನೂ ಇಲ್ಲ. ನೀರಿಗೆ ಬಿದ್ದ ಸದ್ದೂ ಇಲ್ಲ. ಬರೀ ಚಳಪ್... ಚಳಪ್...

ದೋಣಿಯವನು ಲೋಟ ಬಿಸಾಕಿ ಮುಂದಕ್ಕೆ ಓಡಿದ. ಟಾರ್ಚ್ ಬಿಟ್ಟ. ಯಾರೂ ಇಲ್ಲ. "ಜನ ನೀರಿಗೆ ಹೋಗಿದ್ದಾರೆ!" ಅಂತ ಕಿರುಚಿದ. ಹಾಯಿ ಇಳಿಸಿ, ಇಂಜಿನ್ ಹಾಕಿ, ಅದೇ ಜಾಗದಲ್ಲಿ ಸುತ್ತು ಹೊಡೆದ. ಅರ್ಧ ಗಂಟೆ. ಕೊನೆಗೆ ಪೊಲೀಸರಿಗೆ ಹೇಳಬೇಕು ಅಂತ ಫೋನ್ ಕೈಗೆ ತಗೊಂಡು ಕೇಳಿದ, "ಹೆಸರು ಹೇಳಿ ಸರ್, ಬಿದ್ದವರದ್ದು."

"ಆರೇ ಜನ ಹತ್ತಿದ್ದು ಕಣಯ್ಯ" ಅಂದರು ಮ್ಯಾನೇಜರ್.

"ಏಳು ಜನ ಸರ್. ನಾನೇ ಕೈ ಹಿಡಿದು ಹತ್ತಿಸಿದ್ದು. ಕಡೆಗೆ ಹತ್ತಿದ್ದು ಅವರು. ಬಿಸಿ ಕೈ, ಒರಟು ಕೈ. 'ನಮ್ಮ ಹುಡುಗ ನೀರು ಕಂಡವನಲ್ಲ, ಜೋಪಾನ' ಅಂತ ನನಗೆ ಹೇಳಿದ್ದಾರೆ."

ಆಗ ದುರುಗೇಶ ಎದ್ದು ನಿಂತ. ದೋಣಿ ಅಲ್ಲಾಡ್ತಿತ್ತು, ಹಗ್ಗ ಹಿಡಕೊಂಡ. ಕಪ್ಪಗಾದ ನೀರಿನ ಕಡೆ ತಿರುಗಿ ಗಂಟಲು ಹರಿಯೋ ಹಾಗೆ ಕೂಗಿದ, "ಅಣ್ಣಾ... ತಿಮ್ಮಣ್ಣಾ... ನಮ್ಮೋನು... ನಮ್ಮಣ್ಣ ಸರ್ ಅವನು, ನಮ್ಮಣ್ಣ!" ಎಷ್ಟು ಸಲ ಕೂಗಿದನೋ. ದಡದಿಂದ ನಾಯಿ ಬೊಗಳೋದು ಕೇಳ್ತಿತ್ತೇ ಹೊರತು ಇನ್ನೇನೂ ಬರಲಿಲ್ಲ.

"ಮತ್ತೆ ನಮ್ಮವರಲ್ಲ ಅಂದ್ರಲ್ಲ ಮಾರಾಯ್ರೆ?" ಅಂದ ದೋಣಿಯವನು.

"ಅವನು ಸತ್ತು ಹತ್ತು ತಿಂಗಳಾಯ್ತು."

ದೋಣಿಯವನು ಟಾರ್ಚ್ ಆರಿಸಿದ. ದೋಣಿಯನ್ನು ದಡದ ಕಡೆ ತಿರುಗಿಸಿದ.

ಇಳಿದ ಮೇಲೆ ಸುಮಾ ಅಂತ, ಅದೇ ಬ್ಯಾಂಕಿನ ಹೊಳಲ್ಕೆರೆ ಹುಡುಗಿ, ಇವನನ್ನು ಪಕ್ಕಕ್ಕೆ ಕರೆದಳು. ಪಿಸುಗುಟ್ಟಿದಳು. "ಸರ್, ನನಗೆ ಗೊತ್ತಿತ್ತು. ಗೃಹಪ್ರವೇಶದ ದಿನ ಹಿತ್ತಲಲ್ಲಿ ಅವರಿಗೆ ನೀರು ಬಿಡಾಕೆ ಹೋಗಿದ್ದೆ. ನೀವು ಯಾರ್ರಿ ಅಂದೆ. 'ಅವನ ಅಣ್ಣ ಕಣವ್ವ, ಒಳಗೆ ಹೇಳ್ಬೇಡ, ನಮ್ ಹುಡುಗ ನಾಚ್ಕಂತಾನೆ' ಅಂದ್ರು. ನಕ್ಕಂತ್ಲೇ ಅಂದ್ರು ಸರ್."

ಇದನ್ನು ನನಗೆ ಹೇಳುವಾಗ ದುರುಗೇಶ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ನೋಡೋ ಮುಖ ಇಬ್ಬರಿಗೂ ಎಲ್ಲಿತ್ತು?

ಅವತ್ತು ರಾತ್ರಿ ಬಸ್ಸಿಗೇ ಹೊರಟು ಮಾರನೇ ದಿನ ಮಧ್ಯಾಹ್ನ ಮತ್ತೋಡಿನಲ್ಲಿ ಇಳಿದ. ತಲೆ ಬೋಳಿಸಿಕೊಂಡು ಬಂದಿದ್ದ. ಅತ್ತಿಗೆ ಓಬಮ್ಮನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದ, ಗೃಹಪ್ರವೇಶದ ಮಾತೂ ಬಿಡದೆ. ಓಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಂದೇ ಮಾತಂದಳು. "ಅವತ್ತು ಮನೆಗೆ ಬಂದು, ನಮ್ ದುರುಗನ ಮನೆ ಬಾಳ ಚೆನ್ನಾಗೈತೆ ಕಣೇ ಅಂದ್ರಪ್ಪ. ಬ್ಯಾರೆ ಏನೂ ಅನ್ಲಿಲ್ಲ." ಬೈದಿದ್ದರೆ ಅವನಿಗೆ ಎಷ್ಟೋ ಹಗುರ ಆಗ್ತಿತ್ತು.

ಹೊತ್ತು ಇಳಿಯೋ ಹೊತ್ತಿಗೆ ಅವರಿಬ್ಬರೂ ನಾನೂ ಊರ ಪಕ್ಕದ ಅವರ ಹೊಲಕ್ಕೆ ಹೋದೆವು, ತಿಮ್ಮರಾಯಪ್ಪನನ್ನು ಮಣ್ಣು ಮಾಡಿದ ಕಡೆಗೆ. ಓಬಮ್ಮ ಕುರಿಗಳನ್ನು ಅಲ್ಲೇ ಮೇಯಲು ಬಿಟ್ಟಿದ್ದಳು. ಒಂದೂ ಮೇಯುತ್ತಿರಲಿಲ್ಲ. ಅಷ್ಟೂ ಕುರಿ ಅವನ ಸಮಾಧಿ ಗುಡ್ಡೆಯ ಸುತ್ತ ಒತ್ತರಿಸಿ ನಿಂತು ತಲೆ ಬಗ್ಗಿಸಿದ್ದವು. ಸರ್ರ್... ಸರ್ರ್... ಸರ್ರ್... ಅಂತ ಸದ್ದು. ಹತ್ತಿರ ಹೋಗಿ ನೋಡಿದೆವು. ಗುಡ್ಡೆಯ ತಲೆ ಕಡೆಗೆ ನೆಟ್ಟ ಕಲ್ಲನ್ನು ನೆಕ್ಕುತ್ತಿದ್ದವು. ಕಲ್ಲಿನ ಮೇಲೆ ಬೆಳ್ಳಗೆ ಪುಡಿ ಕೂತಿತ್ತು, ಒದ್ದೆ ಬಟ್ಟೆ ಒಣಗಿದ ಮೇಲೆ ಕಲೆ ಉಳಿಯುತ್ತಲ್ಲ, ಹಾಗೆ. ದುರುಗೇಶ ಕೈ ಮುಂದೆ ಮಾಡಿದ, ಹಿಂದಕ್ಕೆ ತಗೊಂಡ. ಅವನಿಗೆ ಮುಟ್ಟೋಕೆ ಆಗಲಿಲ್ಲ.

ನಾನು ಮುಟ್ಟಿದೆ. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಇಟ್ಟೆ. ಉಪ್ಪು.

ಸೌಳು ನೆಲ, ಉಪ್ಪು ಮೇಲೆ ಬಂದಿರಬೇಕು ಅನ್ನಬೇಡಿ. ಅದು ಕೆಂಪು ಮಣ್ಣಿನ ಹೊಲ, ಕಡಲೆಕಾಯಿ ಬೆಳೆಯೋ ಹೊಲ. ಯಾರೋ ಚೆಲ್ಲಿರಬೇಕು ಅಂತೀರಾ? ಓಬಮ್ಮ ಚೆಲ್ಲಿಲ್ಲ, ಕೇಳಿದ್ದೀನಿ. ಬೇಕಾದರೆ ಬೆಳಿಗ್ಗೆ ನೀವೇ ಹೋಗಿ ಕೇಳಿ. ಅದು ಮನೆ ಉಪ್ಪಿನ ರುಚಿಯಲ್ಲ, ಒಂಥರಾ ಕಹಿ ಇತ್ತು. ನಾನೇ ನೆಕ್ಕಿ ನೋಡಿದ್ದು.