ಬೊಮ್ಮಪ್ಪನ ಎರಡನೇ ಸಾಕ್ಷಿ

ರಾತ್ರಿ ಹತ್ತೂವರೆಯ ಬಸ್ಸು ಮಾರೇಶನನ್ನು ಕ್ರಾಸಿನಲ್ಲಿ ಇಳಿಸಿ ಹೋಯಿತು. ಅದರ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಕತ್ತಲೆ.

ಇದು ನಮ್ಮ ಮಾರೇಶನಿಗೆ ಆದದ್ದು. ಮೂರು ವರ್ಷದ ಹಿಂದಿನ ಮಳೆಗಾಲ. ದೂರದವನಲ್ಲ, ನಮ್ಮ ಮನೆಯಿಂದ ಮೂರನೇ ಮನೆ. ಕೇಳುವುದಿದ್ದರೆ ಕೇಳಿ. ನಡುವೆ ಮಾತು ಬೇಡ.

ಮಾರೇಶ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಇಸ್ತ್ರಿ ಮಾಡುವವನು. ಮಧ್ಯಾಹ್ನ ಎರಡಕ್ಕೆ ನಿಂತರೆ ಕೂರುವುದು ರಾತ್ರಿ ಒಂಬತ್ತೂವರೆಗೆ. ಕ್ರಾಸಿನಿಂದ ಊರಿಗೆ ಒಂದು ಮೈಲಿ ಮಣ್ಣಿನ ದಾರಿ. ಅರ್ಧ ದಾರಿಯಲ್ಲಿ ಕುರಿಬಾವಿ. ಹಿಂದೆ ಕುರಿಗಳಿಗೆ ನೀರು ಸೇದುತ್ತಿದ್ದ ಬಾವಿ ಅದು. ಪಕ್ಕದಲ್ಲಿ ಅಗಲವಾದ ಕಲ್ಲಿನ ಕಟ್ಟೆ. ಮರವಿಲ್ಲ, ಸೂರಿಲ್ಲ. ಮೇಲೆ ಬರೀ ಆಕಾಶ.

ಅವನ ಹೆಗಲಲ್ಲಿ ಊಟದ ಚೀಲ. ಚೀಲದಲ್ಲಿ ಖಾಲಿ ಡಬ್ಬಿ. ಡಬ್ಬಿಯ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿದ ಒಂದು ಕಾಗದ. ಐದು ದಿನದಿಂದ ಅದು ಅಲ್ಲೇ ಇತ್ತು. ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗಿರಲಿಲ್ಲ. ಬರೆಸಿದವನು ಮಣ್ಣಿನಲ್ಲಿದ್ದ.

ಬಾವಿಯ ಹತ್ತಿರ ಬಂದಾಗ ಕೇಳಿಸಿತು.

ದಪ್... ದಪ್...

ಸ್ವಲ್ಪ ತಡೆದು, ಮತ್ತೆ... ದಪ್.

ಬಟ್ಟೆ ಒಗೆಯುವ ಸದ್ದಲ್ಲ. ಅದರಲ್ಲಿ ನೀರಿನ ಸದ್ದು ಸೇರಿರುತ್ತದೆ. ಇದು ಒಣ ಸದ್ದು. ಉಣ್ಣೆಯ ಕಂಬಳಿಯನ್ನು ಎರಡು ಮೂಲೆ ಹಿಡಿದು ಕೊಡವಿದರೆ ಬರುವ ಸದ್ದು. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಾರೇಶ ನಿಲ್ಲಲಿಲ್ಲ. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಐದು ದಿನದಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಅನ್ನಕ್ಕೆ ರುಚಿಯಿಲ್ಲ. ಇಸ್ತ್ರಿಪೆಟ್ಟಿಗೆ ತಾಗಿ ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಯಾವಾಗ ತಾಗಿತು ಅಂದರೆ ಗೊತ್ತಿಲ್ಲ.

ಆ ಕಾಗದದ ವಿಷಯ ಹೇಳಬೇಕು.

ಬೊಮ್ಮಪ್ಪ ಮಾರೇಶನ ಸೋದರಮಾವ. ಮಕ್ಕಳಿಲ್ಲ, ಹೆಂಡತಿ ಎಂದೋ ಹೋಗಿದ್ದಳು. ತಮ್ಮನ ಮಗ ಅಂಜಿಯನ್ನು ಸಾಕಿ, ಮದುವೆ ಮಾಡಿ, ಮನೆಯಲ್ಲೇ ಇಟ್ಟುಕೊಂಡಿದ್ದ. ಹದಿನೈದು ವರ್ಷದ ಹಿಂದೆ ಅವನ ಹೆಸರಿಗೆ ಉಯಿಲು ಬರೆಸಿ ರಿಜಿಸ್ಟರ್ ಮಾಡಿಸಿದ. ನಮ್ಮ ಕಡೆ ಅದಕ್ಕೆ ವೀಲುನಾಮಾ ಅನ್ನುತ್ತಾರೆ. ಮನೆ, ನಾಲ್ಕು ಎಕರೆ, ಕುರಿಗಳು, ಎಲ್ಲವೂ ಅಂಜಿಗೆ.

ಆಮೇಲೆ ಅಂಜಿ ಬಳ್ಳಾರಿಗೆ ಹೋದ. ಅಲ್ಲೇ ಇನ್ನೊಬ್ಬಳ ಜೊತೆ ಮನೆ ಮಾಡಿದ. ಹೆಂಡತಿ ಸುನೀತಾ, ಒಂದು ಹೆಣ್ಣುಕೂಸು, ಇಲ್ಲೇ ಉಳಿದರು. ಕುರಿ ಮೇಯಿಸಿದವಳು ಸುನೀತಾ. ಮುದುಕನಿಗೆ ಕಣ್ಣು ಮಂಜಾದ ಮೇಲೆ ಕೈಹಿಡಿದು ಹಿತ್ತಲಿಗೆ ಕರೆದೊಯ್ದವಳೂ ಅವಳೇ.

ಕಾಗದ ಬದಲಾಯಿಸು ಅಂತ ಊರೇ ಹೇಳಿತು.

"ಯಾಕ ಬದಲಾಯಿಸ್ಬೇಕು? ಗಂಡಗ ಬಂದದ್ದು ಹೆಂಡ್ತಿಗೆ ಬಂದಂಗ ಅಲ್ಲೇನು?" ಅನ್ನುತ್ತಿದ್ದ ಬೊಮ್ಮಪ್ಪ.

"ಯಾವ ಹೆಂಡ್ತಿಗೆ? ಈಗ ಇಬ್ರು ಅದಾರಲ್ಲ!"

"ಆತು, ಉಣ್ಣಿ ಕತ್ತರಿಸೋದು ಮುಗೀಲಿ."

ಐದು ವರ್ಷ ಉಣ್ಣೆ ಕತ್ತರಿಸಿದ್ದೇ ಕತ್ತರಿಸಿದ್ದು.

ಕೊನೆಗೆ ಒಂದು ದಿನ ಅಂಜಿ ಟೇಪು ಹಿಡಿದುಕೊಂಡು ಬಂದ. ಮನೆ ಅಳೆದ. ಸುನೀತಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಅವಳ ಸುತ್ತ ಬಳಸಿ ಗೋಡೆ ಅಳೆದ. ಮುದುಕನಿಗೆ ಕಣ್ಣು ಸರಿಯಾಗಿ ಕಾಣದಿದ್ದರೂ ಟೇಪು ಸರ್ರನೆ ಒಳಗೆ ಸುತ್ತಿಕೊಳ್ಳುವ ಸದ್ದು ಕೇಳಿಸಿತು. ಮರುದಿನ ಬೆಳಗ್ಗೆಯೇ ನನ್ನನ್ನೂ ಮಾರೇಶನನ್ನೂ ಕರೆದುಕೊಂಡು ರಾಯದುರ್ಗಕ್ಕೆ ಹೊರಟ.

ಅಲ್ಲಿ ಪತ್ರ ಬರೆಯುವ ಜಂಬಯ್ಯ ಬಿಳಿ ಹಾಳೆಯ ಮೇಲೆ ಬರೆದ. ರಾಯದುರ್ಗ ಆಂಧ್ರಕ್ಕೆ ಸೇರಿದ್ದರಿಂದ ತೆಲುಗಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದ. ಎಲ್ಲ ಸುನೀತಾಗೆ.

"ಸ್ಟಾಂಪ್ ಪೇಪರ್ ಬ್ಯಾಡೇನ್ರಿ?" ಅಂದ ಬೊಮ್ಮಪ್ಪ.

"ವೀಲುನಾಮಾಕ್ಕ ಬ್ಯಾಡ. ಹಿಂದಿಂದು ರದ್ದು ಅಂತ ಬರ್ದೀನಿ. ನಿನ್ನ ಹೆಬ್ಬೆಟ್ಟು, ಇಬ್ರು ಸಾಕ್ಷಿ. ಅಷ್ಟ."

ಬೊಮ್ಮಪ್ಪ ಹೆಬ್ಬೆಟ್ಟು ಒತ್ತಿದ. ಮೊದಲ ಸಾಕ್ಷಿ ನಾನು. ಸೈ ಹಾಕಿದೆ. ನನ್ನ ವಿಷಯ ಇಷ್ಟೇ.

ಮಾರೇಶ ಪೆನ್ನು ಹಿಡಿದವನು ಕೆಳಗಿಟ್ಟ. "ಮಾವ, ಇಷ್ಟು ದೊಡ್ಡ ಮಾತು. ಕಂಬಳಿ ಹಾಸದ ಹೆಂಗ?"

ನಮ್ಮಲ್ಲಿ ಹಾಗೆ. ಹೆಣ್ಣು ಕೊಡುವ ಮಾತಾಗಲಿ, ಪಾಲಿನ ಮಾತಾಗಲಿ, ಕರಿಕಂಬಳಿ ಹಾಸಿ ಅದರ ಮೇಲೆ ಕೂತು ಆಡಬೇಕು. ಹಾಸದೆ ಆಡಿದ ಮಾತು ನಿಲ್ಲುವುದಿಲ್ಲ. ಜಂಬಯ್ಯನ ಅಂಗಡಿಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಕುರ್ಚಿ.

"ಕಂಬಳಿ ಕೋರ್ಟಿಗೆ ಬರಂಗಿಲ್ಲಪ್ಪ. ಹಾಕು," ಅಂದ ಜಂಬಯ್ಯ.

ಬೊಮ್ಮಪ್ಪ ನಕ್ಕ. "ಅಳಿಯ ಹೇಳೋದು ಖರೇನ ಐತಿ. ನಾಳೆ ಮುಂಜಾನೆ ನಾನ ಹಾಸ್ತೀನಿ. ಮನ್ಯಾಗ ಕೂತು ಹಾಕು. ಕಾಗದ ನಿನ್ನ ಹತ್ರಾನ ಇರ್ಲಿ."

ಈಗಲೇ ಹಾಕು ಅಂತ ನಾನಾದರೂ ಹೇಳಬೇಕಿತ್ತು.

ಆ ರಾತ್ರಿ ನಿದ್ದೆಯಲ್ಲೇ ಬೊಮ್ಮಪ್ಪ ಹೋದ. ಅವನ ಕಂಬಳಿಯನ್ನೇ ಸುತ್ತಿ ಮಣ್ಣು ಮಾಡಿದೆವು. ಅದರ ಒಂದು ಮೂಲೆ ಬೀಡಿ ಕಿಡಿ ಬಿದ್ದು ಸುಟ್ಟಿತ್ತು. ಅಲ್ಲಿಗೆ ಮಾರೇಶ ನಾಲ್ಕು ಬೆರಳಗಲ ಜೀನ್ಸ್ ಬಟ್ಟೆಯ ತೇಪೆ ಹಾಕಿಕೊಟ್ಟಿದ್ದ. ಅದೂ ಮಣ್ಣಿಗೆ ಹೋಯಿತು.

ಈಗ ಬಾವಿಗೆ ಬನ್ನಿ.

ಮಾರನೆಯ ರಾತ್ರಿಯೂ ಅದೇ ಜಾಗ. ದಪ್... ದಪ್... ಆಮೇಲೆ ಕಲ್ಲಿನ ಮೇಲೆ ಕೋಲು ಊರಿದ ಸದ್ದು. ಟಕ್. ಆಮೇಲೆ ಮುದುಕರು ಕೂರುವಾಗ ಮೊಣಕಾಲು ಮುರಿಯುತ್ತದಲ್ಲ, ಆ ಸದ್ದು.

"ಅಳಿಯಾ..."

ಪಿಸುಮಾತು. ಆದರೆ ಹತ್ತಿರ.

"ಹಾಸೀನಿ."

ಮಾರೇಶ ನಿಂತ. ತಿರುಗಲಿಲ್ಲ. "ನಾಳೆ ಬರ್ತೀನಿ ಮಾವ," ಅಂದ. ಬದುಕಿದ್ದಾಗ ಹೇಳುತ್ತಿದ್ದ ಹಾಗೆಯೇ ಬಾಯಿಗೆ ಬಂತು. ಹಾಗಂದು ಮುಂದೆ ನಡೆದ. ಮನೆಗೆ ಹೋಗಿ ಮುದ್ದೆ ಉಂಡ. ಹೆಂಡತಿ ಶ್ರಾವಣಿಗೆ ಏನೂ ಹೇಳಲಿಲ್ಲ. ಅದಾದ ಮೇಲೆ ಎರಡು ರಾತ್ರಿ ಯೂನಿಟ್ಟಿನಲ್ಲೇ ಬಟ್ಟೆಯ ಗಂಟಿನ ಮೇಲೆ ಮಲಗಿದ.

ಒಂಬತ್ತನೇ ದಿನ ಅಂಜಿ ಬಂದ. ಕೈಯಲ್ಲಿ ಹಳೆಯ ವೀಲುನಾಮಾ.

"ಹನ್ನೊಂದನೇ ದಿನದ ಊಟ ಆದ ಮ್ಯಾಲ ಮನಿ ಖಾಲಿ ಮಾಡು," ಅಂದ ಸುನೀತಾಗೆ. "ಕೂಸಿನ್ನ ಬೇಕಿದ್ರ ಬಿಟ್ಟು ಹೋಗು. ನೋಡ್ಕೊಳ್ಳಾಕ ಆಕಿ ಅದಾಳ."

ಆಕಿ ಅಂದರೆ ಬಳ್ಳಾರಿಯವಳು.

ಸುನೀತಾ ಮಾರೇಶನ ಮನೆಗೆ ಬಂದಳು. ಅಳಲಿಲ್ಲ. ಬಾಗಿಲಲ್ಲೇ ನಿಂತಳು.

"ಅಣ್ಣಾ, ಮಾವ ಏನೋ ಬರೆಸ್ಯಾನ ಅಂದ್ರಲ್ಲ?"

"ಬರೆಸ್ಯಾನ."

"ಮತ್ತ?"

"ನಾನು ಸೈ ಹಾಕಿಲ್ಲವ್ವ."

"ಯಾಕ?"

"ಕಂಬಳಿ ಇರ್ಲಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು.

"ಹಂಗಾರ ಇವತ್ತು ಕುರಿ ಯಾರ ಹೆಸರ್ಲೆ ಮೇಯಿಸ್ಲಿ ಅಣ್ಣಾ?"

ಅವಳು ಕೋಲು ತೆಗೆದುಕೊಂಡು ಕುರಿ ಹೊಡೆದುಕೊಂಡು ಹೋದಳು.

ಹತ್ತನೇ ದಿನ ಕೆಲಸಕ್ಕೆ ನಿಲ್ಲುವ ಮುಂಚೆ ಮಾರೇಶ ಜಂಬಯ್ಯನ ಹತ್ತಿರ ಹೋದ.

"ಈಗ ಸೈ ಹಾಕಿದ್ರ ನಡೀತೇನ್ರಿ?"

"ಹೆಂಗ ನಡೀತೈತಿ? ಬರೆಸಿದವನ ಕಣ್ಣೆದುರಿಗೆ ಸಾಕ್ಷಿ ಸೈ ಹಾಕ್ಬೇಕು. ಅದು ಕಾನೂನು. ಅವನ್ನ ಎಲ್ಲಿಂದ ತರ್ತೀ?"

"ಮನ್ಯಾಗ ಕೂತು ಹಾಕಿದ್ರ?"

"ಸುಳ್ಳು ಸಾಕ್ಷಿ ಆಗ್ತೈತಿ. ನಮ್ಮ ಅಂಗಡ್ಯಾಗ ಹಾಕ್ಯಾನ ಅಂತ ನಾನು ಹೇಳಂಗಿಲ್ಲ, ನೋಡು. ಅವತ್ತ ಬಡ್ಕೊಂಡೆ."

ಮಾರೇಶ ಕಾಗದವನ್ನು ಮತ್ತೆ ಕವರಿಗೆ ಹಾಕಿದ.

"ಅವನು ಎದುರಿಗೆ ಇರ್ಬೇಕು. ಅಷ್ಟ ಏನ್ರಿ?"

"ಇರ್ಬೇಕು. ನೋಡ್ಬೇಕು. ಅಷ್ಟ."

ಆ ರಾತ್ರಿ ಮಳೆ. ಜೋರಿಲ್ಲ, ಬಿಡುವೂ ಇಲ್ಲ. ಬಸ್ಸು ಇಳಿಸಿ ಹೋಯಿತು. ಅಂಗಿ ಮೈಗೆ ಅಂಟಿತು. ಚಪ್ಪಲಿಯಲ್ಲಿ ಕೆಸರು... ಪಚ್, ಪಚ್.

ಬಾವಿ ಬಂತು. ಕಂಬಳಿ ಕೊಡವುವ ಸದ್ದಿಲ್ಲ. ಕಟ್ಟೆಯ ಮೇಲೆ ಕೋಲು ಒಂದು ಸಲ ಸದ್ದು ಮಾಡಿತು. ಟಕ್.

ಈ ಸಲ ಮಾರೇಶ ದಾರಿ ಬಿಟ್ಟು ಕಟ್ಟೆ ಹತ್ತಿದ. ಚಪ್ಪಲಿ ಕೆಳಗೆ ಬಿಟ್ಟ. ಕಂಬಳಿಯ ಮೇಲೆ ಚಪ್ಪಲಿ ಕಾಲಿಡುವ ಹಾಗಿಲ್ಲ.

ಕೂತ. ಅಡಿಯಲ್ಲಿ ಉಣ್ಣೆ. ಬಲಗೈ ಊರಿದ ಕಡೆ ಬೆರಳಿಗೆ ನುಣುಪಾದ ದಪ್ಪ ಬಟ್ಟೆ ಸಿಕ್ಕಿತು. ನಾಲ್ಕು ಬೆರಳಗಲ. ಸುತ್ತ ಜೋಡಿ ಹೊಲಿಗೆ. ಅವನದೇ ಹೊಲಿಗೆ.

ಫೋನಿನ ಬೆಳಕು ಹಚ್ಚಿದ. ಕಾಗದದ ಮೇಲೆ ಮಾತ್ರ ಬಿಟ್ಟ. ಎದುರಿಗೆ ಎರಡು ಪಾದ ಕಂಡವು, ಕೋಲಿನ ತುದಿ ಕಂಡಿತು. ಅದಕ್ಕಿಂತ ಮೇಲೆ ಬೆಳಕು ಎತ್ತಲಿಲ್ಲ. ಹಿರಿಯರ ಮುಖಕ್ಕೆ ಬೆಳಕು ಹಿಡಿಯಬಾರದು ಅನ್ನಿಸಿತಂತೆ. ಅವನು ನನಗೆ ಹೇಳಿದ್ದು ಹಾಗೆ.

"ಮಾವ, ತಡ ಆತು."

"ನನಗೂ ತಡ ಆತು."

"ಹಾಕ್ಲಾ?"

"ಹೆಸ್ರು ಪೂರ್ತಿ ಬರಿ."

ಜೇಬಿನಲ್ಲಿ ಯೂನಿಟ್ಟಿನ ಪೆನ್ನಿತ್ತು. ಬರೆದ. ಹಾಳೆಯ ಮೇಲೆ ಪೆನ್ನು ಕರಕರ ಅಂದಿತು. ಅಪ್ಪನ ಹೆಸರು, ತನ್ನ ಹೆಸರು, ಊರು. ಬರೆದು ಮುಗಿಸಿ ಕಾಗದವನ್ನು ಎದುರಿಗೆ ತಿರುಗಿಸಿ ಹಿಡಿದ.

"ನೋಡಿದ್ಯಾ ಮಾವ?"

ಬಾವಿಯೊಳಗೆ ಹನಿ ಬೀಳುವ ಸದ್ದು... ಟುಳುಕ್... ಟುಳುಕ್.

"ನೋಡ್ದೆ. ಹೋಗು, ನೆನೀಬ್ಯಾಡ."

ಮಾರೇಶ ಎದ್ದ. ಚಪ್ಪಲಿ ಹಾಕಿಕೊಂಡು ಮನೆಗೆ ಹೋದ. ಶ್ರಾವಣಿ ಬಾಗಿಲು ತೆಗೆದಳು.

"ಇಷ್ಟೊತ್ತು ಎಲ್ಲಿದ್ರಿ? ತೊಯ್ದು ತೊಪ್ಪಿ ಆಗೀರಿ."

"ಸೈ ಹಾಕ್ತಿದ್ದೆ."

ಗಂಡನಿಗೆ ಜ್ವರ ಬಂದಿದೆ ಅಂದುಕೊಂಡು ಅವಳು ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಚೀಲ ಬಿಚ್ಚಿದಳು. ಡಬ್ಬಿಯ ತುಂಬ ನೀರು. ಕಾಗದಕ್ಕೆ ಒಂದು ಹನಿಯೂ ತಾಗಿರಲಿಲ್ಲ.

ಹನ್ನೊಂದರ ಊಟದಲ್ಲಿ ಎಲ್ಲರ ಮುಂದೆ ಕಾಗದ ತೋರಿಸಿದ. ಅಂಜಿ ಕೂಗಾಡಿದ. ಕೋರ್ಟಿಗೆ ಹೋದ.

ಎರಡು ವರ್ಷ ಕೇಸು ನಡೆಯಿತು. ಮೊದಲು ಜಂಬಯ್ಯನನ್ನು ಕೇಳಿದರು. ನನ್ನ ಅಂಗಡಿಯಲ್ಲಿ ಮಾರೇಶ ಸೈ ಹಾಕಲಿಲ್ಲ, ಊರಿನಲ್ಲಿ ಕಂಬಳಿ ಹಾಸಿ ಹಾಕುತ್ತೇನೆ ಅಂತ ಒಯ್ದ ಅಂದ. ಸುಳ್ಳಲ್ಲ. ಆಮೇಲೆ ಮಾರೇಶ ಪ್ರಮಾಣ ಮಾಡಿ ನಿಂತ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಂಜಿಯ ವಕೀಲ ಕೇಳಿದ.

"ಎಲ್ಲಿ ಸೈ ಹಾಕಿದಿ?"

"ಬಾವಿ ಕಟ್ಟಿ ಮ್ಯಾಲ್ರಿ. ಕಂಬಳಿ ಹಾಸಿ."

"ಬೊಮ್ಮಪ್ಪ ಅಲ್ಲಿ ಇದ್ದನೋ?"

"ಇದ್ದನ್ರಿ. ಎದುರಿಗೆ ಕೂತಿದ್ದ."

"ನೀನು ಸೈ ಹಾಕೋದನ್ನ ನೋಡಿದನೋ?"

"ನೋಡಿದ. ನೋಡ್ದೆ ಅಂತ ಬಾಯಿ ಬಿಟ್ಟು ಹೇಳ್ದ."

ಯಾವ ದಿನ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಅವನು ಅಂಥವನೇ.

ಮನೆ ಸುನೀತಾಗೆ ಆಯಿತು. ಈಗಲೂ ಅಲ್ಲೇ ಇದ್ದಾಳೆ. ಮೊನ್ನೆ ರಾಯದುರ್ಗಕ್ಕೆ ಹೋಗಿ ಮಗಳ ಹೆಸರಿಗೆ ತನ್ನ ವೀಲುನಾಮಾ ಬರೆಸಿದಳು. ಅವಳಿಗೆ ಇನ್ನೂ ಮೂವತ್ತೆಂಟು. ಇಬ್ಬರು ಸಾಕ್ಷಿಗಳನ್ನೂ ಅಲ್ಲೇ ಕೂರಿಸಿ, ಸೈ ಹಾಕುವ ತನಕ ಏಳಗೊಡಲಿಲ್ಲ. ಕಂಬಳಿಯನ್ನು ಮನೆಯಿಂದಲೇ ಹೊತ್ತುಕೊಂಡು ಹೋಗಿದ್ದಳು.

ನಾನೂ ನನ್ನದು ಬರೆಸಿದ್ದೇನೆ. ಸೊಸೆ ಬಂದ ವರ್ಷ ಬದಲಾಯಿಸಿದೆ. ಮೊಮ್ಮಗ ಹುಟ್ಟಿದಾಗ ಮತ್ತೊಮ್ಮೆ. ನೀವೂ ಬದುಕಿರುವಾಗಲೇ ಮಾಡಿ. ಕಾಯುತ್ತ ಕೂರಲು ಎಲ್ಲರಿಗೂ ಬಾವಿ ಕಟ್ಟೆ ಸಿಗುವುದಿಲ್ಲ.

ಮಾರೇಶನಿಗೆ ಭ್ರಮೆ ಅನ್ನುವವರಿದ್ದಾರೆ. ಅನ್ನಲಿ. ಆ ರಾತ್ರಿಯ ಮರುದಿನ ಬೆಳಗಿನ ಜಾವ ನನ್ನ ಹೆಂಡತಿ ಪುಟ್ಟಕ್ಕ ಕುರಿಬಾವಿಗೆ ನೀರಿಗೆ ಹೋದವಳು ಖಾಲಿ ಕೊಡ ಹೊತ್ತು ವಾಪಸು ಬಂದಳು. ಬಾ ಅಂತ ಕೈಸನ್ನೆ ಮಾಡಿದಳು. ಹೋದೆ.

ಮಳೆ ಇನ್ನೂ ನಿಂತಿರಲಿಲ್ಲ. ಕಟ್ಟೆಯೆಲ್ಲ ಕಪ್ಪಗೆ ನೆನೆದಿತ್ತು. ನಡುವೆ ಮಾತ್ರ ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ, ಬಿಳಿಯ ಒಣ ಕಲ್ಲು. ಹನಿ ಬೀಳುತ್ತಿತ್ತು, ಅಲ್ಲಿ ನಿಲ್ಲುತ್ತಿರಲಿಲ್ಲ.

ಕೈಯಿಟ್ಟು ನೋಡಿದೆ. ಈ ಕೈಯೇ.

ಬೆಚ್ಚಗಿತ್ತು.