ಸುಮ್ಮನೆ ಕೂತ ಕಾರ್ಡು

ಕೊಡಿ ಇಲ್ಲಿ! ಏನಿದು... "ನನ್ನಿಂದ ತಪ್ಪಾಗಿದೆ, ದಯಮಾಡಿ ಕ್ಷಮಿಸಬೇಕು"? ಇದನ್ನ ಬರೆಯೋಕೆ ನನ್ನ ಕರೆಸಿದ್ರಾ ಭಾವ? ಹರಿದು ಹಾಕ್ತೀನಿ. ಬಿಡಿ ಕೈ, ಹರಿದೇ ಹಾಕ್ತೀನಿ! ...ಹಾಂ. ಹೋಯ್ತು. ಈಗ ಹೊಸ ಹಾಳೆ ತಗೊಳ್ಳಿ.

ತಪ್ಪಂತೆ! ಯಾವ ತಪ್ಪು? ಹತ್ತೊಂಬತ್ತು ವರ್ಷ ಆ ಆಸ್ಪತ್ರೆಯ ಟೆಲಿಫೋನ್ ರೂಮಿನಲ್ಲಿ ಕೂತಿದ್ದೀರಿ. ಕಿಟಕಿ ಇಲ್ಲದ ರೂಮು! ನಾನೂರು ಫೋನು. ವಾರ್ಡಿನ ಫೋನಲ್ಲಿ ಯಾರೋ ಕಷಾಯ ಚೆಲ್ಲಿದ್ರೂ ನೀವೇ ಓಡ್ಬೇಕು, ಇಲಿ ತಂತಿ ಕಡಿದ್ರೂ ನೀವೇ ಮಂಚದ ಕೆಳಗೆ ತೂರ್ಬೇಕು. ಒಂದು ದಿನ, ಒಂದೇ ಒಂದು ದಿನ ನಲವತ್ತು ನಿಮಿಷ ಫೋನು ಸತ್ತಿದ್ದಕ್ಕೆ ಸಸ್ಪೆಂಡಾ? ನಾಳೆ ಹತ್ತು ಗಂಟೆಗೆ ವಿಚಾರಣೆ, ಹನ್ನೊಂದಕ್ಕೆ ಮನೆಗಾ? ರಿಟೈರಾಗೋಕೆ ಎರಡು ವರ್ಷ ಇರೋವಾಗ?

ಅಕ್ಕಾ, ನಂಗೆ ಟೀ ಬೇಡ! ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ, ಟೀ ಯಾಕೆ. ನೀನು ಒಳಗಿರು, ನಾವು ಬರೀತಿದ್ದೀವಿ.

ಯಾರು ವಿಚಾರಣೆ ಮಾಡೋದು? ಆ ಆಡಳಿತಾಧಿಕಾರಿ ತಾನೆ, ಟೈ ಸಾಹೇಬ? ಅವನಿಗೆ ಎಕ್ಸ್‌ಚೇಂಜ್ ಬಗ್ಗೆ ಏನು ಗೊತ್ತು? ಒಂದಿನ ಆ ರೂಮಿಗೆ ಕಾಲಿಟ್ಟಿದಾನಾ? ...ಬಂದಿದ್ನಾ? ಯಾವಾಗ? ...ಎಸಿ ತಣ್ಣಗಿದೆ ಅಂತ ಊಟದ ಡಬ್ಬಿ ಇಡೋಕಾ! ನಗ್ಬೇಡಿ ಭಾವ. ಮೈ ಉರೀತಿದೆ ನಂಗೆ, ನಗ್ಬೇಡಿ.

ಕೇಳಿ, ಅವನ ರಿಪೋರ್ಟು ಓದ್ತೀನಿ. "ಮುಖ್ಯ ಕಾರ್ಡು ಕೆಟ್ಟಾಗ ಬದಲಿ ಕಾರ್ಡು ಏಳಲೇ ಇಲ್ಲ. ಆದ್ದರಿಂದ ಪ್ರತಿ ತಿಂಗಳೂ ಅದನ್ನು ಪರೀಕ್ಷಿಸಿರುವುದಾಗಿ ಇವರು ರಿಜಿಸ್ಟರಿನಲ್ಲಿ ಬರೆದಿರುವುದು ಸುಳ್ಳು." ಸುಳ್ಳಂತೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ! ಪಾಪ, ಆ ನರ್ಸಮ್ಮ ಡಾಕ್ಟರನ್ನ ಕರೆಯೋಕೆ ಫೋನಿಲ್ಲದೆ ನಾಲ್ಕು ಮಹಡಿ ಓಡಿ, ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡ್ಳು. ನಿಜ. ಡಾಕ್ಟರು ಸಿಕ್ಕಿದ್ರು, ರೋಗಿ ಉಳ್ಕೊಂಡ, ಆದ್ರೂ ಅವಳ ಕೈ ಮುರೀತು. ಅದಕ್ಕೆ ಯಾರಾದ್ರೂ ಒಬ್ಬರು ಬೇಕಲ್ಲ ಅವರಿಗೆ. ಸಿಕ್ಕಿದ್ರಿ ನೀವು. ಕೂರಿಸು ಗೂಬೆನ ಇವರ ತಲೆ ಮೇಲೆ!

ಬರ್ಕೊಳ್ಳಿ. ಅವನಿಗೆ ಅರ್ಥ ಆಗೋ ಹಾಗೆ ಮಗ್ಗಿಯಿಂದ ಶುರು ಮಾಡೋಣ. "ಸ್ವಾಮಿ, ನಮ್ಮ ಎಕ್ಸ್‌ಚೇಂಜ್ ಎಂದರೆ ಒಂದು ಕಬ್ಬಿಣದ ಬೀರು." ಬೀರು ಅಂತಲೇ ಬರೀರಿ, ಅವನಿಗೆ ಅಷ್ಟು ಸಾಕು. "ಬೀರುವಿನಲ್ಲಿ ಮೂರು ಶೆಲ್ಫು. ಶೆಲ್ಫಿನಲ್ಲಿ ಪುಸ್ತಕ ನಿಲ್ಲಿಸಿದಂತೆ ಕಾರ್ಡುಗಳು. ಹದಿನಾರು ಫೋನಿಗೆ ಒಂದು ಕಾರ್ಡು. ಹೊರಗಿನ ಲೈನಿಗೆ ಬೇರೆ ಕಾರ್ಡು. ಇವೆಲ್ಲ ಕೆಟ್ಟರೆ ಒಂದಿಷ್ಟು ಫೋನು ಮಾತ್ರ ಸಾಯುತ್ತದೆ. ಆದರೆ ಮೇಲಿನ ಶೆಲ್ಫಿನ ನಡುವೆ ಎರಡು ಕಾರ್ಡುಗಳಿವೆ, ಅವೇ ಇಡೀ ಬೀರುವಿನ ಮಿದುಳು."

ಬರೆದ್ರಾ? ಎಷ್ಟು ನಿಧಾನ ಭಾವ... ಸರಿ, ಸರಿ, ಅಕ್ಷರ ದುಂಡಗಿರ್ಲಿ. "ಒಂದು ಕಾರ್ಡು ದುಡಿಯುತ್ತದೆ. ಇನ್ನೊಂದು ಪಕ್ಕದಲ್ಲಿ ಸುಮ್ಮನೆ ಕೂತು, ಮೊದಲನೆಯದು ಮಾಡುವುದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಅದು ಬಿದ್ದ ಕ್ಷಣ ಇದು ಎದ್ದು ಭಾರ ಹೊರಬೇಕು. ಮಾತಾಡುತ್ತಿದ್ದವರಿಗೂ ಗೊತ್ತಾಗಬಾರದು."

ಈ ಮಾತು ನಂಗೆ ಹೇಳ್ಕೊಟ್ಟಿದ್ದು ಯಾರು? ನೀವು. ಡಿಪ್ಲೊಮಾ ಎರಡು ಸಲ ಡುಮ್ಕಿ ಹೊಡೆದು ಬೀದಿ ಅಳೀತಿದ್ದವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ನೀವು. "ಕಾರ್ಡು ಮುಟ್ಟೋ ಮೊದಲು ಬೀರುವಿನ ಕಬ್ಬಿಣ ಮುಟ್ಟೋ, ನಿನ್ನ ಮೈಯಲ್ಲಿರೋ ಕರೆಂಟು ಇಳೀಲಿ." ನಂಗೆ ಇವತ್ತಿಗೂ ಮನೇಲಿ ಫ್ರಿಜ್ಜು ತೆಗೆಯೋ ಮೊದಲು ಕಬ್ಬಿಣ ಮುಟ್ಟೋ ಚಾಳಿ ಇದೆ, ಹೆಂಡತಿ ನಗ್ತಾಳೆ. ಅಂಥ ಮನುಷ್ಯನ್ನ ಹಿಡ್ಕೊಂಡು ಸುಳ್ಳುಗಾರ ಅಂದ್ರೆ ನಾನು ಸುಮ್ನಿರ್ತೀನಾ? ನಾಳೆ ನಾನೇ ಬರ್ತೀನಿ. ಅವನ ಟೈ ಹಿಡ್ಕೊಂಡು ಕೇಳ್ತೀನಿ!

ಮುಂದೆ ಬರೀರಿ. "ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ದುಡಿಯುವ ಕಾರ್ಡನ್ನು ಮಲಗಿಸಿ, ಕೂತಿರುವುದನ್ನು ಎಬ್ಬಿಸಿ, ಹತ್ತು ನಿಮಿಷ ಓಡಿಸಿ, ಹತ್ತು ಫೋನಿಗೆ ಕರೆ ಮಾಡಿ ನೋಡಿ, ಸಹಿ ಹಾಕಿದ್ದೇನೆ." ಒಂದು ತಿಂಗಳೂ ತಪ್ಪಿಸಿಲ್ಲ... ಏನಂದ್ರಿ? ಜೋರಾಗಿ ಹೇಳಿ.

ನಿಮಗೇ ಅನುಮಾನವಾ?

ಏನು ಅನುಮಾನ? ...ಕಣ್ಣಿನ ಆಪರೇಷನ್ ಆದ್ಮೇಲೆ ಮಂಜು ಮಂಜಾಗಿತ್ತು, ಬದಲಿ ಕಾರ್ಡಿನ ಹಸಿರು ದೀಪ ಬಂತೋ ಇಲ್ವೋ ನೋಡದೆ ಅಭ್ಯಾಸಬಲದಲ್ಲಿ ಸಹಿ ಹಾಕಿರ್ಬಹುದು ಅಂತಾನಾ? ಅದಕ್ಕಾ ಆ ಕ್ಷಮಾಪಣೆ ಬರೀತಿದ್ದಿದ್ದು? ಒಂದು ವಾರದಿಂದ ನಿದ್ದೆ ಮಾಡ್ತಿಲ್ಲ ಅಂತ ಅಕ್ಕ ಹೇಳಿದ್ದು ಇದಕ್ಕಾ?

ಥೂ! ಆ ಮಾತು ಆಡ್ಬೇಡಿ! ಇನ್ನೊಂದು ಸಲ ಆಡಿದ್ರೆ ನಾನು ಎದ್ದು ಹೋಗ್ತೀನಿ, ಹೇಳಿದ್ದೀನಿ. ನೀವು ನೋಡಿದ್ದೀರಿ. ದೀಪ ಹಸಿರೇ ಬಂದಿದೆ. ಪ್ರತಿ ಸಲ ಬಂದಿದೆ! ...ಹೇಗೆ ಗೊತ್ತು ಅಂದ್ರೆ? ನಿಮ್ಮನ್ನ ಬಲ್ಲೆ ಅದಕ್ಕೆ ಗೊತ್ತು. ಆಪರೇಷನ್ನಾದ ಎರಡು ದಿನ ನಿಮ್ಮ ಬದಲು ಆ ರೂಮಿನಲ್ಲಿ ಕೂತಿದ್ದು ಯಾರು? ನಾನು. ನನ್ನ ಆಫೀಸಿಗೆ ರಜೆ ಹಾಕಿ ಬಂದು ಕೂತಿದ್ದೆ. ಆ ರಿಜಿಸ್ಟರು ಪೂರ್ತಿ ತಿರುವಿ ಹಾಕಿದ್ದೀನಿ. ನಿಮ್ಮಷ್ಟು ಅಚ್ಚುಕಟ್ಟಾಗಿ ಹಾಲಿನವನೂ ಲೆಕ್ಕ ಬರೆಯಲ್ಲ.

ತಪ್ಪು ಯಾರದ್ದು ಗೊತ್ತಾ? ಈ ಕಾರ್ಡುಗಳ ರಿಪೇರಿ ಕೇಂದ್ರದವರದ್ದು. ಹೌದು! ಅವರನ್ನ ಸಾಲಾಗಿ ನಿಲ್ಲಿಸಿ ಬಾರಿಸ್ಬೇಕು. ನಾನು ಫೋನು ನೋಡ್ಕೊಳ್ಳೋ ಹನ್ನೊಂದು ಮಹಡಿ ಆಫೀಸಿನ ಕಥೆ ಹೇಳ್ತೀನಿ ಕೇಳಿ. ಅಲ್ಲೂ ಇದೇ ಎಕ್ಸ್‌ಚೇಂಜು, ಇದೇ ಜಾತಿಯ ಮಿದುಳು ಕಾರ್ಡು. ಒಂದಕ್ಕೆ ರೋಗ ಹಿಡೀತು. ತಣ್ಣಗಿದ್ದಾಗ ಸೊಗಸಾಗಿರುತ್ತೆ, ಬಿಸಿಯಾಯ್ತೋ, ಮೂರ್ಛೆ. ಮೂರು ಸಲ ರಿಪೇರಿಗೆ ಕಳಿಸ್ದೆ. ಮೂರು ಸಲವೂ ವಾಪಸ್ಸು! ಮೇಲೊಂದು ಚೀಟಿ: "ದೋಷ ಕಂಡುಬಂದಿಲ್ಲ." ಎಲ್ಲಿಂದ ಕಾಣುತ್ತೆ? ತಣ್ಣನೆ ರೂಮಲ್ಲಿ ಮೇಜಿನ ಮೇಲಿಟ್ಟು ಐದು ನಿಮಿಷ ನೋಡಿದ್ರೆ? ಜ್ವರ ಇಳಿದ ಮೇಲೆ ಡಾಕ್ಟರ ಹತ್ರ ಹೋದ ಹಾಗೆ!

ಅತ್ತ ನಮ್ಮ ದೊಡ್ಡ ಮ್ಯಾನೇಜರು. ಮೀಟಿಂಗ್ ಮಧ್ಯೆ ಎರಡು ಸಲ ಲೈನು ಸತ್ತೋಯ್ತು. ಇಪ್ಪತ್ತು ಜನರ ಮುಂದೆ ನನ್ನ ಕರೆಸಿ, "ಮೂರನೇ ಸಲ ಆದ್ರೆ ನಿನ್ನ ಚೀಲ ಎತ್ಕೊಂಡು ಹೊರಡು" ಅಂದ. ಚೀಲ ಅಂದ ಭಾವ! ನಾನೇನು ತರಕಾರಿ ಮಾರೋಕೆ ಹೋಗಿದ್ನಾ? ಹೊಸ ಕಾರ್ಡು ಕೊಡಿಸಿ ಅಂದ್ರೆ ಈ ಮಾಡೆಲ್ಲೇ ನಿಂತುಹೋಗಿದೆ, ನೀನೇ ಏನಾದ್ರೂ ಮಾಡು ಅಂತಾರೆ. ಏನು ಮಾಡ್ಲಿ? ಮನೇಲಿ ಅಚ್ಚು ಹಾಕ್ಲಾ? ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ನನ್ಮಕ್ಕಳು...

ಆಮೇಲಾ? ಆಮೇಲೇನು, ಸರಿಹೋಯ್ತು. ಆಮೇಲೆ ತೊಂದರೆ ಆಗ್ಲಿಲ್ಲ.

ಆ ಕಾರ್ಡಾ? ಅದು... ಈಗ ಅಲ್ಲಿಲ್ಲ. ತೆಗೆದುಬಿಟ್ಟೆ. ಬಿಡಿ, ವಿಷಯ ಅದಲ್ಲ. ನಾವು ನಿಮ್ಮ ವಿಷಯ ಬರೀತಿರೋದು. ಎಲ್ಲಿದ್ವಿ? "ಸಹಿ ಹಾಕಿದ್ದೇನೆ." ಹಾಂ. ಈಗ ಮುಖ್ಯವಾದ್ದು ಬರುತ್ತೆ, ಅವನ ಬಾಯಿ ಮುಚ್ಚಿಸೋದು. ಒತ್ತಿ ಬರೀರಿ. "ಬದಲಿ ಕಾರ್ಡು ಏಳಲೇ ಇಲ್ಲ ಎಂಬುದು ಸುಳ್ಳು." ಸುಳ್ಳು ಅನ್ನೋದರ ಕೆಳಗೆ ಗೀಟು ಎಳೀರಿ. "ಆ ದಿನ ಮಧ್ಯಾಹ್ನ ನಾನು ಮೂರನೇ ಮಹಡಿಯಲ್ಲಿ ಫೋನು ರಿಪೇರಿ ಮಾಡುತ್ತಿದ್ದಾಗ ಮುಖ್ಯ ಕಾರ್ಡು ಬಿದ್ದಿದೆ. ಬದಲಿ ಕಾರ್ಡು ತಕ್ಷಣ ಎದ್ದಿದೆ. ಆದ್ದರಿಂದಲೇ ಯಾರಿಗೂ ಗೊತ್ತಾಗಿಲ್ಲ. ಇಪ್ಪತ್ತೆರಡು ನಿಮಿಷ ದುಡಿದು, ಬಿಸಿಯಾಗಿ, ಆಮೇಲೆ ಬಿದ್ದಿದೆ. ನಾನು ಕೆಳಗೆ ಬರುವಷ್ಟರಲ್ಲಿ ಎರಡೂ ಸತ್ತಿದ್ದವು. ಹತ್ತು ನಿಮಿಷದ ಪರೀಕ್ಷೆಯಲ್ಲಿ ಈ ರೋಗ ಯಾರಿಗೂ..."

ಯಾಕೆ ನಿಲ್ಲಿಸಿದ್ರಿ?

ಬರೀರಿ ಭಾವ. ಇಪ್ಪತ್ತೆರಡು. ಎರಡರ ಪಕ್ಕ ಎರಡು. ಎಸಿ ಇದ್ರೆ ಇಪ್ಪತ್ತೆರಡು, ಇಲ್ದಿದ್ರೆ ಹದಿನೆಂಟಕ್ಕೇ ಮಲಗುತ್ತೆ, ಅದರ ಬುದ್ಧಿನೇ ಅಷ್ಟು...

ಅಂದ್ರೆ... ಅಂದಾಜು. ಅಂದಾಜು ಹೇಳ್ದೆ. ಈ ಜಾತಿ ಕಾರ್ಡುಗಳೆಲ್ಲ ಅಷ್ಟೆ. ಬೇಕಾದ್ರೆ ಇಪ್ಪತ್ತು ಅಂತ ಹಾಕಿ. ಸುಮಾರು ಇಪ್ಪತ್ತು. ಸುಮಾರು ಅಂದ್ರೆ ಯಾರೂ ಕೇಳಲ್ಲ.

ಯಾಕೆ ಹಾಗೆ ನೋಡ್ತೀರಿ?

ಏನು, ನಾನೇನು ಹೇಳಬಾರದ್ದು ಹೇಳ್ದೆ? ನಿಮ್ಮನ್ನ ಉಳಿಸೋಕೆ ಬಾಯಿ ಒಣಗೋವರೆಗೆ ಒದರ್ತಿದ್ದೀನಿ, ನೀವು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡ್ತೀರಾ? ಒಳ್ಳೇದಕ್ಕೆ ಕಾಲ ಇಲ್ಲ! ಏನಾದ್ರೂ ಇದ್ರೆ ಕೇಳಿ. ಕೇಳಿಬಿಡಿ. ಹೇಗೆ ಗೊತ್ತು ಅಂತ ಕೇಳಿ! ನಾನು ಸುಳ್ಳು ಹೇಳೋಕಾದ್ರೂ ನೀವು ಏನಾದ್ರೂ ಕೇಳ್ಬೇಕಲ್ವಾ?

...

ಎರಡೇ ವಾರ ಅಂದ್ಕೊಂಡಿದ್ದೆ ಭಾವ.

ಆಣೆ ಮಾಡಿ ಹೇಳ್ತೀನಿ, ಎರಡೇ ವಾರ. ನಿಮ್ಮ ಕಣ್ಣಿಗೆ ಬ್ಯಾಂಡೇಜು ಕಟ್ಟಿತ್ತು. ರೂಮಿನ ಬೀಗದ ಕೈ ನೀವೇ ನನ್ನ ಕೈಲಿಟ್ರಿ. ನಿಮ್ಮ ಮುಖ್ಯ ಕಾರ್ಡು ಆರು ವರ್ಷದಿಂದ ಒಂದು ಸಲ ಕೆಮ್ಮಿರ್ಲಿಲ್ಲ. ಪಕ್ಕದ್ದು ಸುಮ್ಮನೆ ಕೂತಿತ್ತು! ಸುಮ್ಮನೆ! ಅಲ್ಲಿ ಒಳ್ಳೇ ಕಾರ್ಡು ಕೂತಿದ್ರೂ ಅಷ್ಟೆ, ರೋಗದ್ದು ಕೂತಿದ್ರೂ ಅಷ್ಟೆ ಅನ್ನಿಸ್ತು. ನನ್ನದನ್ನ ಅಲ್ಲಿಟ್ಟು ನಿಮ್ಮದನ್ನ ತಗೊಂಡು ಹೋದೆ. ಹೊಸದು ಸಿಕ್ಕ ತಕ್ಷಣ ವಾಪಸ್ಸು ಹಾಕೋಣ ಅಂತ. ಸಿಗ್ಲಿಲ್ಲ. ಒಂದು ತಿಂಗಳಾಯ್ತು, ಎರಡಾಯ್ತು, ಐದಾಯ್ತು. ಆಮೇಲೆ ನಾನೇ ಮರೆತೆ... ಇಲ್ಲ. ಮರೀಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಹತ್ತು ನಿಮಿಷ ಗಡಿಯಾರ ನೋಡ್ತಾ ಕೂತಿರ್ತಿದ್ದೆ.

ಫೋನು ಸತ್ತ ದಿನ ಕಾರ್ಡಿನ ಮೇಲಿನ ನಂಬರು ನೋಡಿದ್ರಿ, ಗೊತ್ತು. ಸರಿಯಾಗೇ ಇತ್ತು, ಅದೂ ಗೊತ್ತು. ಯಾಕೆ ಸರಿಯಾಗಿರಲ್ಲ? ಸ್ಟಿಕ್ಕರು ಕಿತ್ತು ಅದಲು ಬದಲು ಅಂಟಿಸಿದ್ದೀನಿ. ಬಿಸಿ ಗಾಳಿ ಕೊಟ್ರೆ ನಾಜೂಕಾಗಿ ಬಿಡುತ್ತೆ. ಅವತ್ತು ಅಕ್ಕನ ಹತ್ರ ಕೂದಲು ಒಣಗಿಸೋ ಮೆಷಿನ್ನು ಕೇಳಿ ಇಸ್ಕೊಂಡು ಹೋಗಿದ್ನಲ್ಲ, ಅದಕ್ಕೇ. "ನಿನ್ನ ತಲೆಲಿ ಕೂದಲೆಲ್ಲಿದೆಯೋ" ಅಂತ ಅವಳು ನಕ್ಕಳು. ನಾನೂ ನಕ್ಕೆ.

ಬೈರಿ! ಹಾಗೆ ಕೂತ್ಕೋಬೇಡಿ! ಎದ್ದು ನಾಲ್ಕು ಬಾರಿಸಿ. ಅಕ್ಕನ್ನ ಕರೀರಿ, ಅವಳ ಮುಂದೆನೇ ಹೇಳಿ, ನಿನ್ನ ತಮ್ಮ ಕಳ್ಳ ಅಂತ. ಆ ನರ್ಸಮ್ಮನ ಮನೆಗೆ ಎರಡು ಸಲ ಹೋಗಿ ಗೇಟಿನಿಂದ ವಾಪಸ್ಸು ಬಂದಿದ್ದೀನಿ, ಅದನ್ನೂ ಹೇಳಿ. ಇಲ್ಲಿಗೆ ಬಂದಿದ್ದೂ ಯಾಕೆ ಗೊತ್ತಾ? ಹೀಗೊಂದು ಪತ್ರ ಬರೆಸಿ ನಿಮ್ಮನ್ನ ಬಿಡಿಸಿಬಿಟ್ರೆ, ಹೇಳೋ ಪ್ರಮೇಯನೇ ಬರಲ್ಲ ಅಂತ. ಅಷ್ಟು ಹೊಲಸು ನಾನು! ಬೈರಿ ಭಾವ...

ಏನು?

ಅಳ್ತಿದ್ದೀರಾ?

ಯಾಕೆ ತಲೆ ಆಡಿಸ್ತೀರಿ... ಆ ಹಾಳೆ ಯಾಕೆ ತೋರಿಸ್ತೀರಿ? "ತಕ್ಷಣ ಎದ್ದಿದೆ"... ಇದಾ? ಇದು ನಿಜಾನಾ ಅಂತಾನಾ?

ಹೂಂ ಭಾವ. ನಿಜ. ಎದ್ದಿತ್ತು. ಹತ್ತು ನಿಮಿಷಕ್ಕೆಲ್ಲ ಬೀಳೋ ಕಾರ್ಡಲ್ಲ ಅದು; ಪರೀಕ್ಷೆಯ ಪ್ರತಿ ಭಾನುವಾರ ಎದ್ದಿತ್ತು, ಅವತ್ತೂ ಎದ್ದಿತ್ತು. ದೀಪ ಹಸಿರೇ ಇತ್ತು. ನಿಮ್ಮ ಕಣ್ಣು ಸರಿಯಾಗಿದೆ, ನಿಮ್ಮ ಸಹಿಗಳೆಲ್ಲ ನಿಜ, ಒಂದೂ ಸುಳ್ಳಲ್ಲ... ಅಯ್ಯೋ, ಇಷ್ಟಕ್ಕೆ ಅಳ್ತಾರಾ? ನಿಮ್ಮ ಅನ್ನ ಕಿತ್ಕೊಂಡವನು ಎದುರಿಗೆ ಕೂತಿದ್ದಾನೆ, ಅವನಿಗೊಂದು ಮಾತು ಅನ್ನದೆ ಇದಕ್ಕೆ ಅಳ್ತೀರಾ?

ಪೆನ್ನು ಯಾಕೆ ನನ್ನ ಕಡೆ ತಳ್ತೀರಿ?

...ಸರಿ. ಕೊಡಿ. ನಿಮ್ಮ ಕೈಯಲ್ಲಿ ಬರೆಸಿದ್ದು ಸಾಕು. "ಸ್ವಾಮಿ, ಬದಲಿ ಕಾರ್ಡನ್ನು ಅದರ ಜಾಗದಿಂದ ತೆಗೆದು, ರೋಗದ ಕಾರ್ಡನ್ನು ಅಲ್ಲಿಟ್ಟವನು ನಾನು." ಹಾಂ. ನಾಳೆ ನಾನೇ ಒಯ್ದು ಕೊಡ್ತೀನಿ. ಕೆಳಗೆ ಸಹಿ. ಸಹಿ ಕೆಳಗೆ... ಭಾವ, ನಾನು ಯಾರು ಅಂತ ಬರೀಲಿ? ಹನ್ನೊಂದು ಮಹಡಿ ಆಫೀಸಿನ ಮೆಕ್ಯಾನಿಕ್ಕು ಅಂತ ಮಾತ್ರ ಸಾಕಾ? ಇವರ ಭಾಮೈದ ಅಂತಲೂ ಬರೀಬಹುದಾ?

ಭಾವ?