ಟವೆಲ್ಲಿನ ಕೆಳಗಿನ ಕರಾರು

ಮಾನ್ಯ ಅಧ್ಯಕ್ಷರಾದ ಹಾಲಸ್ವಾಮಿಯವರೇ, ಈಗತಾನೇ ಸನ್ಮಾನದ ಶಾಲು ಹೊದ್ದಿರುವ ಕುರಿ ವ್ಯಾಪಾರಿ ಕಾಟಲಿಂಗಪ್ಪನವರೇ, ಹಿರಿಯೂರಿನ ನಮ್ಮ ಯುವಕ ಸಂಘದ ಎಪ್ಪತ್ತನಾಲ್ಕನೇ ಇಸವಿಯ ವಾರ್ಷಿಕೋತ್ಸವಕ್ಕೆ ಬಂದಿರುವ ಸಭಿಕರೇ,

ಕರಾರಿನ ಕಾನೂನು ಕುರಿತು ಮಾತನಾಡಲು ಸಂಘ ನನಗೆ ಅಪ್ಪಣೆ ಕೊಟ್ಟಿದೆ. ನಾನು ವಕೀಲನಲ್ಲ, ಎಂಟಾಣೆಯ ಪುಸ್ತಿಕೆಗಳನ್ನು ಓದಿ ಕಲಿತವನು.

ಕರಾರು ಎಂದರೇನು? ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು, ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆಯುವುದೊಂದು ಇರಬೇಕು. ಕಾಗದವೇ ಬೇಕೆಂದಿಲ್ಲ. ಕುರಿ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತೇವಲ್ಲ, ಎದುರಿನವರು ತಲೆಯಾಡಿಸಿದರೆ ಅದೂ ಕರಾರೇ. ಆದರೆ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು. ಮತ್ತೆ ಹೇಳುತ್ತೇನೆ, ಒಂದೇ ಅರ್ಥದಲ್ಲಿ! ಇಲ್ಲದಿದ್ದರೆ ಅದು ಕರಾರೇ ಅಲ್ಲ.

ಇದನ್ನೇಕೆ ಒತ್ತಿ ಹೇಳುತ್ತಿದ್ದೇನೆ? ಹಿಂದಿನ ಬೆಂಚಿನಲ್ಲಿ ಕೂತಿರುವ ದಲ್ಲಾಳಿ ಅಂಜನಪ್ಪ ನನ್ನ ತಂದೆ. ಹೋದ ಸಂತೆಯಲ್ಲಿ ಹರಿಯಬ್ಬೆಯ ಕಾಳಕ್ಕನವರ ಪರವಾಗಿ ಅವರ ಕುರಿಗಳಿಗೆ ಕಾಟಲಿಂಗಪ್ಪನವರ ಜೊತೆ ಬೆಲೆ ಕುದುರಿಸಿದ್ದು ಅಪ್ಪನೇ. ಬೆಲೆ ತೀರಾ ಕಡಿಮೆಯಾಯಿತು. ಕಾಳಕ್ಕ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕೇಳಿದರು: "ಏನಪ್ಪ ಅಂಜನಪ್ಪ, ಟವೆಲ್ ನಂದು, ಬೆರಳು ಕಾಟಲಿಂಗಪ್ಪಂದಾ? ಎಷ್ಟು ತಿಂದೆ ಲೇ?" ಅಂದಿನಿಂದ ಊರೆಲ್ಲ ಅದೇ ಮಾತು. ನಾಳೆ ಕುರಿ ಒಯ್ಯಲು ಲಾರಿ ಬರುತ್ತದೆ. ಅಪ್ಪನನ್ನು ಕೇಳಿದರೆ, "ಮಾತು ಕೊಟ್ಟಾಗೈತೆ, ಸುಮ್ನಿರು" ಎನ್ನುತ್ತಾರೆ.

ಸುಮ್ಮನಿರುವುದು ಹೇಗೆ? ನನ್ನ ತಂದೆ ಕಳ್ಳರಲ್ಲ! ಕಾಟಲಿಂಗಪ್ಪನವರೂ ಅಲ್ಲ. ಅಪ್ಪ ನಾಲ್ಕು ಬೆರಳು ಒತ್ತಿದೆ ಎಂದುಕೊಂಡರು. ಕಾಟಲಿಂಗಪ್ಪನವರ ಕೈಗೆ ತಟ್ಟಿದ್ದು ಮೂರೇ. ಒಂದೇ ಅರ್ಥ ಎಲ್ಲಿ ಬಂತು? ಕರಾರು ಎಲ್ಲಿ ಬಂತು? ಅಪ್ಪನ ಕಿರುಬೆರಳಿಗೆ ಯುಗಾದಿಯಿಂದ ಸ್ಪರ್ಶವೇ ಇಲ್ಲ. ಬಿಸಿ ಲೋಟ ಹಿಡಿದರೂ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೆ ಅವ್ವ ನೋಡಿ...

ಸಭಿಕರೇ, ಹಿಂದಿನವರು ಏಕೆ ಎದ್ದು ಸರಿಯುತ್ತಿದ್ದೀರಿ? ಮರುಳಸಿದ್ದಪ್ಪನವರೇ, ಮಡದಿಯನ್ನು ಏಕೆ ಎಬ್ಬಿಸುತ್ತಿದ್ದೀರಿ? ನಾನು ಆಡಿದ್ದು ಕರಾರಿನ ಮಾತು. ಯಾರದು ಕುಷ್ಠ ಎಂದದ್ದು? ಆ ರೋಗ ಎಂದು ನಾನು ಹೇಳಲಿಲ್ಲ. ಹೌದೆಂದೇ ಇಟ್ಟುಕೊಳ್ಳಿ, ಅದಕ್ಕೆ ಔಷಧಿ ಇದೆ, ಪಕ್ಕ ಕೂತ ಮಾತ್ರಕ್ಕೆ ಅಂಟುವುದಿಲ್ಲ. ಆರೋಗ್ಯದ ಪುಸ್ತಿಕೆಯಲ್ಲಿದೆ. ನಾನೇ ಓದಿದ್ದೆ. ಅಪ್ಪನ ಬೆರಳಿಗೆ ಹೊಂದಿಸಿ ಓದಿರಲಿಲ್ಲ.

ಕಾಟಲಿಂಗಪ್ಪನವರು ಏನೋ ಹೇಳುತ್ತಿದ್ದಾರೆ. ವ್ಯಾಪಾರ ಬೇಡವಂತೆ, ಲಾರಿ ಬರುವುದಿಲ್ಲವಂತೆ. ಅಲ್ಲೇ ಕೂತಿರುವ ಕಾಳಕ್ಕ, ನಿಮ್ಮ ಕುರಿ ನಿಮಗೇ ಉಳಿದವು. ನಾನು ಗೆದ್ದೆ. ಆದರೆ ಕಾಟಲಿಂಗಪ್ಪನವರು ಶಾಲಿಗೆ ಕೈ ಒರೆಸಿಕೊಳ್ಳುತ್ತಿದ್ದಾರೆ.

ಇನ್ನು ಯಾವ ಸಂತೆಯಲ್ಲಿ, ಯಾರು, ನನ್ನ ತಂದೆಯ ಕೈ ಹಿಡಿಯುತ್ತಾರೆ?

ಅಪ್ಪಾ, ಎದ್ದು ಹೋಗ್ಬ್ಯಾಡ. ಕುಂತ್ಕ. ನಿನ್ನ ಬೆಂಚಿನಾಗೆ ಈಗ ಜಾಗ ಬಾಳ ಐತೆ, ನಾ ಬರ್ತೀನಿ.

ಅಧ್ಯಕ್ಷರು ಕ್ಷಮಿಸಬೇಕು, ನನ್ನ ಮಾತು ಇಷ್ಟೇ. ಇನ್ನೂ ಕೂತಿರುವವರಿಗೆಲ್ಲ ವಂದನೆ. ನಮಸ್ಕಾರ.